ಕೂಟಗಲ್ಲಿನ ಬಸುರಿ ಒಲೆ

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಮಕ್ಕಳು ಮಗ್ಗಿ ಒಪ್ಪಿಸುವಾಗ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಿದ್ದೆ. ಊಟಕ್ಕೆ ಕೂತರೆ ಮಜ್ಜಿಗೆ ಬರುವವರೆಗೆ ಕಾಯುವ ವ್ಯವಧಾನವಿರಲಿಲ್ಲ. ಸಂಜೆ ರೈಲಿನ ಹೊತ್ತಿಗೆ ಸ್ಟೇಷನ್ನಿಗೆ ಹೋಗಿ, ಬರುವವರು ಯಾರೂ ಇಲ್ಲದಿದ್ದರೂ ನಿಂತು, ಗಾಡಿ ಮೈಸೂರಿನ ಕಡೆಗೆ ಹೊರಟ ಮೇಲೆ ಮನೆಗೆ ಬರುತ್ತಿದ್ದೆ.

ಈಗಿನ ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಎಂದು ಹೆಸರು. ಅಲ್ಲಿನ ಪ್ರೈಮರಿ ಸ್ಕೂಲಿನಲ್ಲಿ ನಾನು ಎರಡನೆಯ ಮೇಷ್ಟ್ರು. ಮೈಸೂರಿನ ಯಾವುದಾದರೊಂದು ಕಚೇರಿಯಲ್ಲಿ ಗುಮಾಸ್ತನಾಗಬೇಕೆಂಬ ಹುಚ್ಚು ತಲೆಗೆ ಹತ್ತಿತ್ತು. ಅರ್ಜಿ ಬರೆದೂ ಬರೆದೂ ಬೆರಳಿನ ಮಸಿ ಹೋಗುತ್ತಿರಲಿಲ್ಲ. ಉತ್ತರ ಒಂದಕ್ಕೂ ಬರಲಿಲ್ಲ. ಶಿಫಾರಸು ಮಾಡುವವರಿಲ್ಲದೆ ಅರ್ಜಿ ಯಾರೂ ಓದುವುದಿಲ್ಲ ಎಂದು ತಿಳಿದವರು ಹೇಳಿದರು.

ಆ ವರ್ಷ ಮಳೆಗಾಲದಲ್ಲಿ ಅರ್ಕಾವತಿ ಹೊಳೆಯಾಚೆಯ ಹಳೇ ಬಂಗಲೆಗೆ ಒಬ್ಬ ಬಿಳಿಯ ದೊರೆ, ಅವನ ಹೆಂಡತಿ ಬಂದು ಇಳಿದರು. ದೊರೆ ಗಣಿ ಕೆಲಸ ಬಲ್ಲವನು. ಕನಕಪುರದ ಕಡೆಯ ಬೆಟ್ಟಗಳಲ್ಲಿ ಕಲ್ಲು ಪರೀಕ್ಷಿಸುತ್ತ ವಾರಗಟ್ಟಲೆ ತಿರುಗುತ್ತಿದ್ದ. ಹೆಂಡತಿ ಬಂಗಲೆಯಲ್ಲಿ ಒಬ್ಬಳೇ. ಆಕೆಗೆ ಕನ್ನಡ ಕಲಿಸುವವರು ಬೇಕಂತೆ ಎಂದು ಸ್ಟೇಷನ್ ಮಾಸ್ತರರು ಹೇಳಿದ ಸಂಜೆಯೇ ಕೋಟು ತೊಟ್ಟು ಹೋಗಿಬಿಟ್ಟೆ. ದೊಡ್ಡವರ ಮನೆಯ ಬಾಗಿಲು. ಅಲ್ಲಿಂದ ಮೈಸೂರಿಗೆ ದಾರಿ ಸಿಕ್ಕೀತು ಎಂಬ ಆಸೆ.

ದೊರೆಸಾನಿಗೆ ನಲವತ್ತರ ಆಸುಪಾಸು. ಭಾಷೆ ಕಲಿಸುವವನೆಂದು ನನ್ನನ್ನು ‘ಮುನ್ಷಿ’ ಎನ್ನುತ್ತಿದ್ದಳು. ಪಾಠ ಜಗುಲಿಯಲ್ಲಿ ನಡೆಯುತ್ತಿತ್ತು. ಒಳಗೆ ಎಷ್ಟು ಒಳ್ಳೆಯ ಕುರ್ಚಿಗಳಿದ್ದರೂ ಆಕೆ ಒಳಗೆ ಕೂರುತ್ತಿರಲಿಲ್ಲ. ಮಳೆಯ ಇರಚಲು ಮೊಣಕಾಲಿಗೆ ಬಡಿದರೂ ಶಾಲು ಸುತ್ತಿಕೊಂಡು ಹೊರಗೇ. ಕಾರಣ ಕೇಳಿದಾಗ ಇಂಗ್ಲಿಷಿನಲ್ಲಿ ಹೇಳಿದಳು. ಇಲ್ಲಿಗೆ ಬರುವ ಮೊದಲು ಒಂಬತ್ತು ವರ್ಷ ಅವರು ಮೆಕ್ಸಿಕೋ ದೇಶದ ಒಂದು ಬೆಳ್ಳಿ ಗಣಿಯ ಊರಿನಲ್ಲಿದ್ದರಂತೆ. ಅಲ್ಲಿ ದಂಗೆಯೆದ್ದು, ಇದ್ದದ್ದನ್ನೆಲ್ಲ ಬಿಟ್ಟು ಹಡಗು ಹತ್ತಬೇಕಾಯಿತಂತೆ. ಆ ಊರಿನ ಮನೆಗಳ ಅಂಗಳದಲ್ಲಿ ಮಣ್ಣಿನದೊಂದು ಒಲೆ ಇರುತ್ತಿತ್ತು. ದೊಡ್ಡ ಹೊಟ್ಟೆ, ಹೊಟ್ಟೆಯ ಮುಂದೆ ಬಾಯಿ, ಮೇಲೆ ಉದ್ದನೆಯ ಕುತ್ತಿಗೆ. ಬಾಯಲ್ಲಿ ಕಟ್ಟಿಗೆ ಉರಿದರೆ ಹೊಗೆ ಕುತ್ತಿಗೆಯಿಂದ ಮೇಲೆ ಹೋಗುತ್ತದೆ, ಮುಂದೆ ಕೂತವರ ಕಣ್ಣಿಗೆ ಬರುವುದಿಲ್ಲ. ಚಳಿಯ ಸಂಜೆಗಳಲ್ಲಿ ಮನೆಯವರೆಲ್ಲ ಅದರ ಮುಂದೆ. ಅದರ ಹೆಸರು ‘ಚಿಮಿನೇಯ’ ಎಂದಳು. ನನ್ನ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಅದರ ಚಿತ್ರ ಬರೆದಳು.

“ಇಲ್ಲಿ ಯಾರಾದರೂ ಇದನ್ನು ಮಾಡಬಲ್ಲರೇ, ಮುನ್ಷಿ?”

ಮಾಡಬಲ್ಲರು, ನನಗೆ ಬೇಕಾದವರೇ ಇದ್ದಾರೆ ಎಂದುಬಿಟ್ಟೆ. ನನಗೆ ಒಬ್ಬ ಕುಂಬಾರನೂ ಗೊತ್ತಿರಲಿಲ್ಲ.

ವಿಚಾರಿಸಿದಾಗ ಕೂಟಗಲ್ಲಿನ ಒಂದು ಮನೆಯ ಹೆಸರು ಬಂತು. ಊರಿನಿಂದ ಆರೇಳು ಮೈಲಿ. ಭಾನುವಾರ ಬೆಳಿಗ್ಗೆ ನಡೆದು ಹೋದೆ. ಗಂಡಹೆಂಡಿರು ಇಬ್ಬರೇ, ಐವತ್ತು ದಾಟಿದವರು. ಯಜಮಾನನಿಗೆ ಎರಡು ಕಣ್ಣಿಗೂ ಪೊರೆ ಬಂದು, ತಿರುಗುವ ತಿಗರಿಯ ಮೇಲಿನ ಮಡಕೆಯನ್ನು ಬೆರಳಿನಲ್ಲೇ ನೋಡುತ್ತಿದ್ದ. ತಿಗರಿ ಗಂಡಸರದು, ಹೆಂಗಸರು ಮುಟ್ಟುವಂತಿಲ್ಲ. ಆದರೆ ತಿಗರಿಯ ಮೇಲೆ ಕೂರದಷ್ಟು ದೊಡ್ಡವು, ರಾಗಿ ತುಂಬುವ ವಾಡೆಗಳು, ಒಲೆಗಳು, ಇವೆಲ್ಲ ಹೆಂಡತಿಯ ಕೈಯವು. ಮಣ್ಣನ್ನು ಹಾವಿನಂತೆ ಹೊಸೆದು, ಸುತ್ತಿನ ಮೇಲೆ ಸುತ್ತು ಇಟ್ಟು ಎಬ್ಬಿಸುತ್ತಿದ್ದಳು.

ನಾನು ಬಂದ ಕೆಲಸ ಹೇಳಿದೆ.

“ಚಿಮಣಿಯಾ?” ಎಂದ ಯಜಮಾನ. “ಚಿಮಣಿ ಬೇಕಾದ್ರೆ ಪ್ಯಾಟೇಲಿ ತಗಡಿಂದು ಸಿಕ್ತದಲ್ಲ ಸೋಮಿ. ನಮ್ತಾವ ಯಾಕ್ ಬಂದ್ರಿ?”

“ದೀಪದ ಚಿಮಣಿ ಅಲ್ಲ ಯಜಮಾನರೇ, ಒಲೆ. ಅಂಗಳದಲ್ಲಿಡೋ ಒಲೆ.”

“ಏನ್ ಬೇಯಿಸ್ತಾರೆ ಅದ್ರಲ್ಲಿ?”

“ಏನೂ ಬೇಯಿಸಲ್ಲ. ಮುಂದೆ ಕೂತ್ಕೋತಾರೆ, ಅಷ್ಟೆ.”

ಅವನು ನಕ್ಕ. ಹೆಂಡತಿ ನಗಲಿಲ್ಲ. ಚಿತ್ರವನ್ನು ಕೈಗೆ ತೆಗೆದುಕೊಂಡು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. “ಬಸುರಿ ಹೆಂಗ್ಸು ನಿಂತಂಗೈತೆ,” ಎಂದಳು. ಅಂದಿನಿಂದ ನಮ್ಮ ಬಾಯಲ್ಲಿ ಅದು ಬಸುರಿ ಒಲೆಯಾಯಿತು.

ಆದರೆ ಯಜಮಾನನಿಗೆ ಚಿತ್ರ ಕಾಣುವುದಿಲ್ಲ. ಅವನು ಒಪ್ಪದೆ ಆ ಮನೆಯಲ್ಲಿ ಮಡಕೆ ಸುಡುವ ಆವಿಗೆಗೆ ಬೆಂಕಿ ಬೀಳುವುದಿಲ್ಲ. “ಕೈಗೆ ಸಿಕ್ಕಂಗೆ ಏನಾರ ತನ್ನಿ,” ಎಂದ.

ಅವನು ಮುಟ್ಟಿ ನೋಡಲು ಮರದ ಮಾದರಿ ಮಾಡಿಸೋಣವೆಂದು ಮರುವಾರ ಚನ್ನಪಟ್ಟಣಕ್ಕೆ ಹೋದೆ. ಅಲ್ಲಿ ಗೊಂಬೆ ಕಡೆಯುವ ಒಬ್ಬ ಸಾಹೇಬರ ಮನೆ ಹುಡುಕಿ ನೋಟುಬುಕ್ಕು ಬಿಚ್ಚಿದೆ. ಬಿಳಿ ಗಡ್ಡದ ಮುದುಕರು. ಚಿತ್ರವನ್ನು ತಲೆಕೆಳಗು ಮಾಡಿಯೂ ನೋಡಿದರು.

“ಇದು ಬುಗುರಿನಾ, ಹೂಜಿನಾ ಮೇಷ್ಟ್ರೇ? ನಲವತ್ತು ವರ್ಷ ಕಡ್ದಿದೀನಿ, ಇಂಥ ಆಟದ ಸಾಮಾನು ನೋಡಿಲ್ಲ.”

ಒಲೆ ಎಂದೆ. ಬೆಂಕಿ ಹಾಕೋದನ್ನ ಮರದಲ್ಲಿ ಮಾಡಿ ಅಂತಾನಲ್ಲ ಎಂದು ಒಳಗಿದ್ದ ಮಗಳಿಗೆ ಕೂಗಿ ಹೇಳಿದರು. ಒಳಗಿಂದಲೂ ನಗು ಬಂತು. ಆದರೂ ಗೊಂಬೆಗೆ ಬಳಸುವ ಆಲೆ ಮರದ ಒಂದು ತುಂಡು ತೆಗೆದು, ನಾನು ಆ ಓಣಿಯಲ್ಲಿ ಎರಡು ಸಲ ಹೋಗಿ ಬರುವಷ್ಟರಲ್ಲಿ ಗೇಣುದ್ದದ ಒಲೆ ಕಡೆದು, ಬಾಯಿ ಕೊರೆದು, ಅಭ್ಯಾಸಬಲದಿಂದ ಕೆಂಪು ಅರಗನ್ನೂ ಹಚ್ಚಿಬಿಟ್ಟಿದ್ದರು. ಕೂಟಗಲ್ಲಿನ ಯಜಮಾನ ಅದನ್ನು ಅಂಗೈಯಲ್ಲಿಟ್ಟುಕೊಂಡು ಹೊಟ್ಟೆ ಸವರಿದ, ಕುತ್ತಿಗೆಗೆ ಬೆರಳು ಹಾಕಿದ. “ಆಯ್ತದೆ,” ಎಂದ. “ಇವಳು ಎಬ್ಬಿಸ್ಲಿ. ಬೆಂಕಿ ನಂದು.”

ಬೇಸಿಗೆಯಲ್ಲಿ ಕೆರೆಯಿಂದ ತೆಗೆದು ರಾಶಿ ಹಾಕಿದ್ದ ಮಣ್ಣಿಗೆ ಮರಳು, ಭತ್ತದ ಹೊಟ್ಟು, ಕತ್ತೆ ಲದ್ದಿ ಬೆರೆಸಿ ಕಲಸಿದರು. ಒಂದು ದಿನಕ್ಕೆ ನಾಲ್ಕು ಬೆರಳೆತ್ತರಕ್ಕಿಂತ ಹೆಚ್ಚು ಆಕೆ ಎಬ್ಬಿಸುತ್ತಿರಲಿಲ್ಲ. ಕೆಳಗಿನದು ಬಿಗಿಯದೆ ಮೇಲಿನದನ್ನಿಟ್ಟರೆ ಹೊಟ್ಟೆ ಕುಸಿಯುತ್ತದೆ. ನಾನು ವಾರಕ್ಕೆರಡು ಸಲ ಹೋಗಿ ನೋಡುತ್ತಿದ್ದೆ. ನೋಡಿ ಮಾಡುವುದೇನೂ ಇರಲಿಲ್ಲ. ಚಪ್ಪರದ ಸುತ್ತ ಸುತ್ತುತ್ತಿದ್ದೆ, ಕೋಳಿಗಳು ಹೆದರಿ ಓಡುತ್ತಿದ್ದವು.

“ಕುಂತ್ಕಳಿ ಮೇಷ್ಟ್ರೇ ಒಸಿ,” ಎನ್ನುತ್ತಿದ್ದಳು ಕುಂಬಾರಮ್ಮ. “ನಿಮ್ ಕಾಲ್ ನೋಡಿ ನನ್ ಕೈ ನಡುಗ್ತದೆ.”

ದಸರಾ ಕಳೆಯುವ ಹೊತ್ತಿಗೆ ಒಲೆ ಎದ್ದು ನಿಂತಿತು. ನನ್ನ ಎದೆಯೆತ್ತರ. ಹಲಗೆಯಿಂದ ತಟ್ಟಿ ನುಣುಪು ಮಾಡಿದ್ದರು. ಇನ್ನು ಒಣಗಬೇಕು. ಆ ವರ್ಷ ಮಳೆ ಬಿಟ್ಟೂ ಬಿಡದೆ ಜಿನುಗುತ್ತಿತ್ತು. ದೊರೆಸಾನಿಗೆ ವರದಿ ಒಪ್ಪಿಸಿದೆ. ಆಕೆ ಹೇಳಿದ ಮಾತು ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ: “ನನಗೆ ಯಾವ ಅವಸರವೂ ಇಲ್ಲ. ಅವರ ಮಣ್ಣು ಅವರಿಗೆ ಗೊತ್ತು. ಒಣಗಲು ಎಷ್ಟು ದಿನ ಬೇಕೋ ಅಷ್ಟು ದಿನ ಬಿಡಲಿ ಎಂದು ತಿಳಿಸಿ.”

ಅದೇ ಸಂಜೆ ಇನ್ನೊಂದು ಮಾತೂ ಬಂತು. ಬರುವ ಭಾನುವಾರದ ಮುಂದಿನ ಭಾನುವಾರ ಮೈಸೂರಿನಿಂದ ಒಬ್ಬ ದೊಡ್ಡ ಅಧಿಕಾರಿ ಅವರ ಮನೆಗೆ ಊಟಕ್ಕೆ ಬರುತ್ತಾರಂತೆ. ನಾನು ಅರ್ಜಿ ಹಾಕಿದ್ದ ಕಚೇರಿಗಳಲ್ಲಿ ಒಂದು ಅವರ ಕೈಕೆಳಗಿನದೇ.

ಆ ರಾತ್ರಿ ನಿದ್ದೆ ಬರಲಿಲ್ಲ. ತಲೆಯಲ್ಲಿ ಒಂದೇ ಚಿತ್ರ: ಬಂಗಲೆಯ ತೋಟದಲ್ಲಿ ಒಲೆ ಉರಿಯುತ್ತಿದೆ, ಅಧಿಕಾರಿ ಬೆರಗಾಗಿ ನೋಡುತ್ತಿದ್ದಾರೆ, ದೊರೆಸಾನಿ ನನ್ನತ್ತ ಕೈ ತೋರಿಸಿ ‘ಇದೆಲ್ಲ ನಮ್ಮ ಮುನ್ಷಿಯ ಸಾಹಸ’ ಎನ್ನುತ್ತಿದ್ದಾಳೆ. ಮರುದಿನ ಸ್ಕೂಲಿಗೆ ರಜೆ ಹಾಕಿ ಕೂಟಗಲ್ಲಿಗೆ ಹೋದೆ.

“ದೊರೆಸಾನಿ ಹೇಳಿ ಕಳಿಸಿದ್ದಾರೆ. ಬರೋ ಭಾನುವಾರದ ಮುಂದಿನ ಭಾನುವಾರಕ್ಕೆ ಒಲೆ ಬಂಗಲೆಯಲ್ಲಿರಬೇಕಂತೆ. ಇಲ್ಲದಿದ್ದರೆ ಬೇಡವೇ ಬೇಡವಂತೆ.”

ಹೇಳುವಾಗ ನಾಲಿಗೆ ತೊದಲಲೂ ಇಲ್ಲ.

ಕುಂಬಾರಮ್ಮ ಎದ್ದುಹೋಗಿ ಒಲೆಯ ಹೊಟ್ಟೆಗೆ ಕೆನ್ನೆ ಒತ್ತಿ ನಿಂತಳು. ಮಡಕೆ ಒಣಗಿದೆಯೇ ಎಂದು ನೋಡುವ ಅವರ ಕ್ರಮ ಅದು. ಕೆನ್ನೆಗೆ ತಣ್ಣಗೆ ತಾಕಿದರೆ ಒಳಗೆ ಇನ್ನೂ ನೀರಿದೆ ಎಂದು ಅರ್ಥ.

“ಹಸಿ ಐತೆ. ಇನ್ನೂ ಇಪ್ಪತ್ ದಿನಾರ ಬೇಕು ಸೋಮಿ.”

“ನಾನೇನು ಮಾಡಲಿ ತಾಯಿ? ದೊಡ್ಡವರ ಮಾತು.”

ಆಕೆ ಗಂಡನ ಮುಖ ನೋಡಿದಳು. ಅವನು ಕೈಯಲ್ಲಿ ಲೆಕ್ಕ ಹಾಕಿದ. ಹೇಗೂ ಮುಂದಿನ ವಾರ ಆವಿಗೆ ಹಾಕಲೇಬೇಕು. ಅದೇ ಊರಿನ ಒಂದು ಗೌಡರ ಮನೆಯಲ್ಲಿ ಮಗಳ ಮದುವೆ. ಚಪ್ಪರಕ್ಕೆ ತಂದು ಪೂಜಿಸುವ ಐರಾಣಿ ಗಡಿಗೆಗಳು, ಅಡುಗೆಯ ಮಡಕೆಗಳು, ಎಲ್ಲ ಅದರಲ್ಲಿ ಬೇಯಬೇಕು. ಅಷ್ಟರವರೆಗೆ ದಿನಾ ಒಲೆಯ ಹೊಟ್ಟೆಯೊಳಗೆ ಕೆಂಡ ಇಟ್ಟು ಒಣಗಿಸಿ, ಇದನ್ನೂ ನಡುವೆ ಕೂರಿಸೋಣ ಎಂದ. ಹೆಂಡತಿ ಇನ್ನೊಮ್ಮೆ ಕೆನ್ನೆ ಒತ್ತಿ ನೋಡಿದಳು.

ಆವಿಗೆಗೆ ಬೆಂಕಿಯಿಟ್ಟದ್ದು ಗುರುವಾರ ಮಧ್ಯಾಹ್ನ. ಸ್ಕೂಲು ಬಿಟ್ಟವನೇ ಓಡುನಡಿಗೆಯಲ್ಲಿ ಹೋದೆ. ಒಲೆಯ ಸುತ್ತ ಗಡಿಗೆಗಳನ್ನು ಗೂಡಿನಂತೆ ಜೋಡಿಸಿ, ಸೌದೆ, ಬೆರಣಿ, ಹುಲ್ಲು ಹೊದಿಸಿ, ಮೇಲೆ ಮಣ್ಣು ಮೆತ್ತಿದ್ದರು. ಬಿರುಕುಗಳಿಂದ ಬಿಳಿ ಹೊಗೆ ಬರುತ್ತಿತ್ತು. ಯಜಮಾನ ಅಂಗೈಯನ್ನು ಗಾಳಿಯಲ್ಲಿ ಹಿಡಿದು ಶಾಖ ನೋಡುತ್ತ ಸುತ್ತುತ್ತಿದ್ದ. ನಾನು ಅವನ ಹಿಂದೆ ಸುತ್ತುತ್ತಿದ್ದೆ.

ಹೊತ್ತು ಮುಳುಗುವ ಮುಂಚೆ ನೆಲದೊಳಗೆ ಯಾರೋ ಗುದ್ದಿದಂತೆ ‘ಢಬ್’ ಎಂದಿತು. ನಾವು ಮೂವರೂ ನಿಂತಲ್ಲೇ ನಿಂತೆವು. ಇನ್ನೊಂದು ಸಲ, ಇನ್ನೂ ಜೋರಾಗಿ. ಆವಿಗೆಯ ನೆತ್ತಿ ಕುಸಿಯಿತು. ಕಿಡಿ, ಬೂದಿ, ಮಡಕೆಯ ಚೂರುಗಳು ಮೇಲೆ ಹಾರಿದವು. ಅಂಗೈಯಗಲದ ಒಂದು ಬೋಕಿ ಬಂದು ನನ್ನ ಪಾದದ ಹತ್ತಿರ ಬಿತ್ತು. ಹೊರಗೆ ಕೆಂಪಾಗಿತ್ತು, ಮುರಿದ ಅಂಚಿನ ನಡುವೆ ಮಣ್ಣು ಕಪ್ಪಗೆ, ಇನ್ನೂ ಹಸಿ.

“ಹೋಯ್ತು,” ಎಂದ ಯಜಮಾನ. ಅವನಿಗೆ ಕಾಣದಿದ್ದರೂ ಎಲ್ಲರಿಗಿಂತ ಮೊದಲು ತಿಳಿದಿತ್ತು. ಹೆಂಡತಿಯ ಕಡೆ ತಿರುಗಿ, “ನಿನ್ ಕೈಗುಣ. ಹೆಂಗ್ಸು ಕಟ್ಟಿದ್ದ ಆವಿಗೆ ನಡ್ವೆ ಇಟ್ನಲ್ಲ, ನನ್ಗ್ ಬುದ್ಧಿ ಇಲ್ಲ,” ಎಂದ.

ಕುಂಬಾರಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಆಗಲಾದರೂ ನಾನು ಹೇಳಬೇಕಿತ್ತು. ಹೇಳಲಿಲ್ಲ. ಬಾಯಿ ತೆರೆದದ್ದು ಬೇರೆ ಮಾತಿಗೆ: “ಮದುವೆ ಯಾವತ್ತು?”

“ಸನಿವಾರ ಚಪ್ರ,” ಎಂದಳು. “ಐರಾಣಿ ಇಲ್ದೆ ಚಪ್ರ ಎಂಗಾಯ್ತದೆ? ಅವ್ರ ಮನೆ ಹೆಣ್ಮಗ ಹಸೆಮಣೆ ಮ್ಯಾಲೆ ಎಂಗ್ ಕುಂತ್ಕತಾಳೆ?”

ಅಷ್ಟು ಬೇಗ ಹೊಸದು ಮಾಡಿ ಸುಡುವುದು ಆಗದ ಮಾತು. ಮಾಗಡಿಯಲ್ಲಿ ಆಕೆಯ ತವರಿನವರಿದ್ದಾರೆ, ಅವರ ಹತ್ತಿರ ಸುಟ್ಟಿಟ್ಟ ಗಡಿಗೆ ಇದ್ದರೂ ಇರಬಹುದು. ಆದರೆ ಹೋಗುವವರು ಯಾರು? ಯಜಮಾನನಿಗೆ ದಾರಿ ಕಾಣದು, ಆಕೆ ಇನ್ನೂ ಉರಿಯುತ್ತಿದ್ದ ಆವಿಗೆ ಬಿಟ್ಟು ಹೋಗುವಂತಿಲ್ಲ, ಸುಗ್ಗಿಯ ದಿನ, ಗಾಡಿಗಳೆಲ್ಲ ಹೊಲದಲ್ಲಿ. ನಾನು ಹೋಗುತ್ತೇನೆ ಎಂದೆ. ಇಬ್ಬರೂ ನನ್ನನ್ನು ದೇವರಂತೆ ನೋಡಿದರು. ಆ ನೋಟವನ್ನು ಇವತ್ತು ನೆನೆದರೂ ಕೂತಲ್ಲಿ ಕೂರಲಾಗುವುದಿಲ್ಲ.

ಶುಕ್ರವಾರ ಕೋಳಿ ಕೂಗುವ ಹೊತ್ತಿಗೆ ಹೊರಟೆ. ಮಾಗಡಿಗೆ ಹದಿನೈದು ಮೈಲಿಯ ಹತ್ತಿರ. ಹೋಗುವಾಗ ಕಾಲು ನೆಲಕ್ಕೆ ತಾಕಲಿಲ್ಲ. ಕುಂಬಾರಮ್ಮನ ಅಣ್ಣ ಮನೆಯಲ್ಲೇ ಸಿಕ್ಕಿದ. ವಿಷಯ ಕೇಳಿ, ಬೇರೆ ಮದುವೆಗೆಂದು ಇಟ್ಟಿದ್ದ ಐರಾಣಿಗಳನ್ನೇ ತೆಗೆದು ಸುಣ್ಣದ ಗೆರೆ ಎಳೆದು, ಬಿದಿರ ಮಂಕರಿಯಲ್ಲಿ ಹುಲ್ಲು ಹಾಸಿ ಜೋಡಿಸಿದ. ಸಿಂಬೆ ಸುತ್ತಿ ನನ್ನ ತಲೆಯ ಮೇಲಿಟ್ಟ.

“ಮೇಷ್ಟ್ರು ಹೊತ್ಕಂಡು ಹೋಗೋದ ನಾನು ಎಲ್ಲೂ ನೋಡಿಲ್ಲ,” ಎಂದ. “ಒಂದ್ ಮಾತು. ಓಡ್‌ಬ್ಯಾಡಿ. ಎಡವುದ್ರೆ ಎಲ್ಲಾ ಹೋಯ್ತದೆ. ದಾರೀಲಿ ನೆಲಕ್ಕೆ ಇಳಿಸ್‌ಬ್ಯಾಡಿ, ಒಬ್ರೇ ಎತ್ಕಳಕ್ಕಾಗಲ್ಲ. ಹೊರೆಗಲ್ಲು ಕಂಡ್ರೆ ಅಲ್ಲೇ ಒರಗಿಸಿ.”

ತಲೆಹೊರೆಯವರು ಬಗ್ಗದೆ ಇಳಿಸಿಕೊಳ್ಳಲೆಂದು ಆಳೆತ್ತರದಲ್ಲಿ ದಾರಿಬದಿ ನೆಟ್ಟ ಚಪ್ಪಡಿಗಳವು. ಅಲ್ಲಿಯವರೆಗೆ ಅವುಗಳನ್ನು ಕಲ್ಲು ಎಂದಷ್ಟೇ ನೋಡಿದ್ದವನು ನಾನು. ಆ ದಿನ ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸುತ್ತ ನಡೆದೆ. ನಡೆದೆ ಎಂದರೆ ಹೆಜ್ಜೆಯ ಮೇಲೆ ಹೆಜ್ಜೆ, ಕುತ್ತಿಗೆ ಅಲ್ಲಾಡದಂತೆ. ಓಡಬೇಕೆಂದು ಕಾಲು ಕುಣಿಯುತ್ತಿತ್ತು, ತಲೆ ಬಿಡುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಬೆವರು ಕಣ್ಣಿಗಿಳಿದರೆ ಒರೆಸಿಕೊಳ್ಳಲು ಕೈ ಇರಲಿಲ್ಲ. ಹುರುಳಿ ಹೊಲದ ಹೆಂಗಸರು, “ಅಯ್ಯೋ, ಮೇಷ್ಟ್ರು ಮಡ್ಕೆ ಮಾರಕ್ ಹೊಂಟವ್ರೆ,” ಎಂದು ನಕ್ಕರು. ನಾನು ತಿರುಗಿಯೂ ನೋಡುವಂತಿರಲಿಲ್ಲ. ಅಷ್ಟು ನಿಧಾನದ ನಡಿಗೆಯಲ್ಲಿ ಮಾಡಿದ್ದನ್ನು ಮರೆಯಲು ದಾರಿಯೇ ಇರಲಿಲ್ಲ. ಮೈಲಿ ಮೈಲಿಗೂ ಆ ‘ಢಬ್’ ಕೇಳಿಸುತ್ತಿತ್ತು.

ಹೊತ್ತು ಇಳಿಯುವಾಗ ಕೂಟಗಲ್ಲು ಸೇರಿದೆ. ಒಂದು ಗಡಿಗೆಯೂ ಒಡೆದಿರಲಿಲ್ಲ. ಶನಿವಾರ ಗೌಡರ ಮನೆಯ ಹೆಂಗಸರು ಹಾಡುತ್ತ ಬಂದು, ಪೂಜೆ ಮಾಡಿ ಐರಾಣಿ ತೆಗೆದುಕೊಂಡು ಹೋದರು. ಮದುವೆ ನಡೆಯಿತು. ಭಾನುವಾರ ಅಧಿಕಾರಿಯೂ ಬಂದು ಊಟ ಮಾಡಿ ಹೋದರಂತೆ. ನಾನು ಬಂಗಲೆಯ ಕಡೆ ತಲೆ ಹಾಕಲಿಲ್ಲ.

ಸೋಮವಾರ ಕೂಟಗಲ್ಲಿಗೆ ಹೋದಾಗ ಕುಂಬಾರಮ್ಮ ಬೋಕಿಗಳನ್ನು ಆರಿಸಿ ರಾಶಿ ಹಾಕುತ್ತಿದ್ದಳು. ಮುಖ ಬಾಡಿತ್ತು. ಆ ಬಂಗಲೆಯಮ್ಮನಿಗೆ ಏನು ಹೇಳಿದಿರಿ, ಕೋಪ ಮಾಡಿಕೊಂಡರಾ ಎಂದು ಕೇಳಿದಳು. ಅಷ್ಟು ಕೇಳಿದ್ದೇ, ನನ್ನ ಬಾಯಿಂದ ಎಲ್ಲ ಬಂದುಬಿಟ್ಟಿತು. ಅವರು ಅವಸರವೆಂದು ಹೇಳಿಯೇ ಇರಲಿಲ್ಲ, ಬೇಕಾದಷ್ಟು ದಿನ ಬಿಡಿ ಎಂದಿದ್ದರು, ಆ ಮಾತು ನಾನು ಕಟ್ಟಿದ್ದು, ನನ್ನ ಕೆಲಸಕ್ಕೋಸ್ಕರ.

ಆಕೆ ಕೈಯಲ್ಲಿದ್ದ ಬೋಕಿಯನ್ನು ಕೆಳಗಿಟ್ಟಳು. ಬಯ್ಯಬಹುದು ಎಂದುಕೊಂಡಿದ್ದೆ. ಬಯ್ಯಲಿಲ್ಲ. ದನಿ ಎತ್ತದೆ ಹೇಳಿದಳು.

“ನಾಲ್ಕ್ ದಿನದಿಂದ ಇವ್ರು ನನ್ ಕೂಡೆ ಮಾತಾಡಿಲ್ಲ. ನನ್ ಕೈಗುಣ ಅಂದ್ರು. ನಾನೂ ಹೌದೇನೋ ಅಂದ್ಕಂಡು ಈ ಕೈಯ ನೋಡ್ಕಂಡು ಕುಂತಿದ್ದೆ. ಮಡ್ಕೆ ಒಡುದ್ರೆ ಮಣ್ಣೈತೆ ಮೇಷ್ಟ್ರೇ, ಇನ್ನೊಂದ್ ಮಾಡ್ತೀವಿ. ಇಲ್ದಿದ್ ಮಾತ ತಂದು ನನ್ ತಲೆ ಮ್ಯಾಲೆ ಮಡಗುದ್ರಲ್ಲ, ಅದ್ಕೇನ್ ಮಾಡಾದು?”

ತಿಗರಿಯ ಸದ್ದು ಬರುತ್ತಿದ್ದ ಕಡೆಗೆ ಕೈ ತೋರಿಸಿದಳು.

“ನನಗೆ ಯೋಳುದ್ರೆ ಆಗಲ್ಲ. ಅವ್ರಿಗೆ ಯೋಳಿ.”

ಯಜಮಾನ ತಿಗರಿಯ ಮುಂದೆ ಕೂತಿದ್ದ. ಅವನ ಎದುರು ನಿಂತು ಇನ್ನೊಮ್ಮೆ ಎಲ್ಲ ಹೇಳಿದೆ. ತಿಗರಿ ತಿರುಗುತ್ತಲೇ ಇತ್ತು. ಮಾತು ಮುಗಿದ ಮೇಲೆ ಅದನ್ನು ಕೈಯಿಂದ ತಡೆದು ನಿಲ್ಲಿಸಿದ. ಹೆಂಡತಿ ನಿಂತಿದ್ದ ಕಡೆಗೆ ಮುಖ ಮಾಡಿ, “ನಿನ್ ಕೆನ್ನೆ ಸರಿಯಾಗೇ ಯೋಳಿತ್ತು ಕಣಮ್ಮಿ,” ಎಂದ. ಆಕೆ ಅತ್ತದ್ದು ಆಗ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: “ಮಣ್ಣ್ ತುಳಿಯಾಕ್ ಬತ್ತೀರಾ?”

“ಬರ್ತೀನಿ,” ಎಂದೆ.

ದೊರೆಸಾನಿಗೆ ಹೇಳುವುದು ಇನ್ನೂ ಬಾಕಿಯಿತ್ತು. ಅದೇ ಸಂಜೆ ಹೇಳಿದೆ. ಆಕೆ ಪಾಠದ ಪುಸ್ತಕ ಮುಚ್ಚಿದಳು. “ನಾನು ಆಡದ ಮಾತನ್ನು ನನ್ನ ಬಾಯಿಗೆ ಹಾಕಿದಿರಿ,” ಎಂದಳು. ಸುಮಾರು ಹೊತ್ತು ಜಗುಲಿಯ ಈ ತುದಿಯಿಂದ ಆ ತುದಿಗೆ ನಡೆದಾಡಿದಳು. ನಾನೂ ಎದ್ದು ನಿಂತಿದ್ದೆ. ಇನ್ನು ಬರಬೇಡಿ ಎನ್ನುತ್ತಾಳೆ ಎಂದು ಕಾಯುತ್ತಿದ್ದರೆ, ನಾಳೆ ಬೆಳಿಗ್ಗೆ ಜಟಕಾ ತರಿಸಿ, ನಾನೇ ಅವರ ಮನೆಗೆ ಹೋಗಬೇಕು ಎಂದಳು.

ಕೂಟಗಲ್ಲಿನಲ್ಲಿ ಆಕೆ ಇಳಿದದ್ದೇ ಊರಿಗೆ ಊರೇ ಬೇಲಿಯ ಹತ್ತಿರ ನೆರೆಯಿತು. ಆಕೆ ಯಾರನ್ನೂ ನೋಡದೆ ಬೋಕಿಯ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದನ್ನೇ ಎತ್ತಿ ಅಂಚು ನೋಡಿದಳು. ಕುಂಬಾರಮ್ಮನೂ ಎದುರಿಗೆ ಕೂತಳು. ನಡುವೆ ನಾನು.

“ಮೇಷ್ಟ್ರೇ,” ಎಂದಳು ಕುಂಬಾರಮ್ಮ, “ಈಗ ಅವ್ರೇನ್ ಯೋಳ್ತಾರೋ ಅಷ್ಟೇ ಯೋಳಿ. ನಾನೇನ್ ಯೋಳ್ತೀನೋ ಅಷ್ಟೇ ಯೋಳಿ. ಎಲ್ಡ್ ಮಾತ್ ಜಾಸ್ತಿ ಬ್ಯಾಡ.”

ಅದನ್ನೂ ಇದ್ದಂತೆಯೇ ಇಂಗ್ಲಿಷಿಗೆ ಮಾಡಿ ಹೇಳಿದೆ. ದೊರೆಸಾನಿ ಮೊದಲ ಬಾರಿ ನಕ್ಕಳು.

ಎರಡನೆಯ ಒಲೆಗೆ ಎರಡು ತಿಂಗಳ ಮೇಲೆ ಹಿಡಿಯಿತು. ಭಾನುವಾರ ಭಾನುವಾರ ಪಂಚೆ ಎತ್ತಿ ಕಟ್ಟಿ ಮಣ್ಣು ತುಳಿದೆ. ಕ್ಲೋಸ್‌ಪೇಟೆಯಲ್ಲಿ ಇದು ಸುದ್ದಿಯಾಗಿ, ಮೊದಲನೆಯ ಮೇಷ್ಟ್ರು ನನ್ನನ್ನು ಕರೆಸಿ ಹುದ್ದೆಯ ಮರ್ಯಾದೆಯ ಬಗ್ಗೆ ಉಪದೇಶ ಮಾಡಿದರು. ಕೇಳಿಸಿಕೊಂಡೆ. ಮಣ್ಣು ತುಳಿಯುವುದರಲ್ಲಿ ನನಗೆ ಒಂದು ಅನುಕೂಲವಿತ್ತು: ಕಾಲು ಆಡುತ್ತಲೇ ಇರಬಹುದು, ಎಲ್ಲಿಗೂ ಹೋಗಬೇಕಾಗಿಲ್ಲ. ಯಜಮಾನ ಹಿಮ್ಮಡಿಯ ಸದ್ದು ಕೇಳಿಯೇ, “ಆ ಮೂಲೇಲಿ ಗಂಟೈತೆ, ಅಲ್ಲ್ ತುಳೀರಿ,” ಎನ್ನುತ್ತಿದ್ದ. ಹಾಗೆಂದು ಮನಸ್ಸೇನೂ ನೆಟ್ಟಗಾಗಲಿಲ್ಲ. ಮನೆಗೆ ಬಂದರೆ ಮತ್ತೆ ಅದೇ ಚಡಪಡಿಕೆ.

ಪುಷ್ಯದ ಚಳಿಯಲ್ಲಿ ಒಲೆಯೊಂದನ್ನೇ ಸುಟ್ಟರು, ಜೊತೆಗೆ ಬೇರೆ ಏನೂ ಇಡಲಿಲ್ಲ. ಬಿರುಕಿಲ್ಲದೆ ಬಂತು. ಗಾಡಿಯಲ್ಲಿ ಹುಲ್ಲು ತುಂಬಿ, ಅದರ ನಡುವೆ ಒಲೆ ಕೂರಿಸಿ, ಗಂಡಹೆಂಡಿರು ಎರಡೂ ಕಡೆ ಹಿಡಿದು ಕೂತರು. ನಾನು ಎತ್ತಿನ ಮುಂದೆ ಕಲ್ಲು ಆಯುತ್ತ ನಡೆದೆ. ಬಂಗಲೆಯಲ್ಲಿ ದೊರೆಸಾನಿ ಹೇಳಿದ್ದನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು ಗಂಡಹೆಂಡಿರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಹೊಟ್ಟೆಯ ತಳಕ್ಕೆ ಒಂದು ಗೇಣು ಮರಳು ಹಾಕಬೇಕು. ಮೊದಲ ಮೂರು ದಿನ ಪುಳ್ಳೆಯ ಸಣ್ಣ ಬೆಂಕಿ, ಆಮೇಲಷ್ಟೇ ದೊಡ್ಡದು. ಉರಿಯುವಾಗ ನೀರು ಚೆಲ್ಲಬಾರದು. ಕುಂಬಾರರಿಬ್ಬರೂ ಮೂರೂ ದಿನ ಬಂಗಲೆಯ ಹಿಂದಿನ ಮನೆಯಲ್ಲೇ ಉಳಿದರು.

ನಾಲ್ಕನೆಯ ಸಂಜೆ ಜಾಲಿಯ ಕೊರಡು ಹಾಕಿದರು. ಬೆಟ್ಟದ ಮಗ್ಗುಲಿನಿಂದ ಚಳಿ ಇಳಿಯುತ್ತಿತ್ತು. ಹೊಗೆ ಒಂದು ಕ್ಷಣ ಬಾಯಿಂದಲೇ ಹೊರಬಂತು. ಆಮೇಲೆ ಒಳಗೆ ಬಿಸಿ ಏರಿದಂತೆ ಹೊಗೆ ಕುತ್ತಿಗೆ ಹತ್ತಿ ಮೇಲೆ ಹೋಯಿತು. ಹೊಟ್ಟೆಯೊಳಗೆ ಬೆಂಕಿ ಗುಂಯ್ ಎಂದು ದನಿ ಮಾಡಿತು. ಯಜಮಾನ ಕುತ್ತಿಗೆಯ ಸುತ್ತ ಕೈ ಆಡಿಸಿ ಶಾಖ ನೋಡಿ ತಲೆದೂಗಿದ. ದೊರೆಸಾನಿ ಕುರ್ಚಿ ಬಿಟ್ಟು ಹುಲ್ಲಿನ ಮೇಲೆ ಕೂತಳು, ಪಕ್ಕದಲ್ಲಿ ಕುಂಬಾರಮ್ಮನನ್ನು ಕೂರಿಸಿಕೊಂಡಳು.

“ಗಂಟ್ಲು ಒಸಿ ಉದ್ದ ಆಗ್ಬೋದಿತ್ತು,” ಎಂದಳು ಕುಂಬಾರಮ್ಮ, ಒಲೆಯನ್ನೇ ನೋಡುತ್ತ.

ನಾನು ಅನುವಾದ ಮಾಡುವ ಮೊದಲೇ ದೊರೆಸಾನಿ, “ಇಲ್ಲ. ಚಂದ ಇದೆ,” ಎಂದು ಕನ್ನಡದಲ್ಲೇ ಉತ್ತರ ಕೊಟ್ಟಳು. ನನಗೆ ಅಲ್ಲಿ ಮಾಡುವ ಕೆಲಸವೇನೂ ಉಳಿದಿರಲಿಲ್ಲ. ಕೂರು ಎಂದು ಇಬ್ಬರೂ ಹೇಳಿದರು. ಸ್ವಲ್ಪ ಹೊತ್ತು ಕೂತೆ ಕೂಡ. ಆಮೇಲೆ ಎದ್ದು ಸೌದೆ ತರುತ್ತೇನೆಂದು ಹೋದೆ.

ಮೈಸೂರಿನ ಮಾತನ್ನು ನಾನು ದೊರೆಸಾನಿಯ ಹತ್ತಿರ ಎತ್ತಲೇ ಇಲ್ಲ. ಮರುವರ್ಷ ಯುರೋಪಿನಲ್ಲಿ ಯುದ್ಧ ಶುರುವಾದಾಗ ದೊರೆ, ದೊರೆಸಾನಿ ಬಂಗಲೆ ಖಾಲಿ ಮಾಡಿ ಹೋದರು. ಅಷ್ಟರಲ್ಲಿ ಬೇರೊಂದು ನಡೆದಿತ್ತು. ಆ ಒಲೆಯನ್ನು ನೋಡಲು ಬಂದವರಲ್ಲಿ ಪೇಟೆಯ ರೇಷ್ಮೆ ನೂಲು ತೆಗೆಯುವ ಒಬ್ಬ ಸಾಹೇಬರಿದ್ದರು. ಗೂಡು ಬೇಯಿಸುವ ಒಲೆಯ ಹೊಗೆಯಲ್ಲಿ ಅವರ ಹೆಂಡತಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಮೇಲೆ ಹಂಡೆ ಕೂರುವಂತೆ, ಹಿಂದಿನಿಂದ ಕುತ್ತಿಗೆ ಎದ್ದು ಹೊಗೆ ಮಾಡಿನಾಚೆ ಹೋಗುವಂತೆ ಒಂದನ್ನು ಕಟ್ಟಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಕುಂಬಾರಮ್ಮ ಅವರ ಮನೆಗೇ ಹೋಗಿ ಒಲೆ ನಿಲ್ಲುವ ಜಾಗದಲ್ಲೇ ಕಟ್ಟಿಕೊಟ್ಟಳು. ಒಂದು ನೋಡಿ ಇನ್ನೊಂದು ಮನೆಯವರು ಕರೆದರು.

ನನಗೆ ಕೋಡಿಹಳ್ಳಿಯ ಸ್ಕೂಲಿಗೆ ವರ್ಗವಾಯಿತು. ಕನಕಪುರದಲ್ಲಿ ಗಾಡಿ ಬದಲಿಸಲು ಇಳಿದಾಗ ಮರದ ನೆರಳಿನಲ್ಲಿ ಕುಂಬಾರಮ್ಮ ನಿಂತಿದ್ದಳು. ಕೈಯಲ್ಲಿ ಬಡಿಯುವ ಹಲಗೆಯ ಗಂಟು. ಬಸುರಿ ಒಲೆಗೆ ಮುಂಚೆ ತವರಿನ ಮಾಗಡಿ ಬಿಟ್ಟರೆ ಬೇರೆ ಊರು ಕಾಣದವಳು. ಇಲ್ಲಿ ಒಂದು ಮನೆಯಲ್ಲಿ ಒಲೆ ಕಟ್ಟಿ ಮುಗಿಯಿತು, ನಾಳೆ ಚನ್ನಪಟ್ಟಣದಲ್ಲಿ, ಅಲ್ಲಿ ಮೂರು ಮನೆಯವರು ಕಾಯುತ್ತಿದ್ದಾರೆ ಎಂದಳು.

“ಯಜಮಾನರು?”

“ಊರಲ್ಲವ್ರೆ. ಮಣ್ಣ್ ಕಲಸಿ ಮಡಗಿರ್ತಾರೆ, ನಾನ್ ಬಂದ್ ಗಾಡೀಲಿ ಹಾಕ್ಕಂಡ್ ಹೋಯ್ತೀನಿ. ನೀವ್ ಎತ್ತಾಗೆ?”

ಹೇಳಿದೆ. ಕೋಡಿಹಳ್ಳಿ ಮಣ್ಣು ಹೇಗಿದೆ ನೋಡಿ ಒಂದು ಹಿಡಿ ಯಾರ ಕೈಲಾದರೂ ಕಳಿಸಿ ಎಂದಳು. ಅಷ್ಟರಲ್ಲಿ ಅವಳ ಗಾಡಿಯವನು ಕೂಗಿದ. ಗಂಟನ್ನು ಒಳಗೆ ಎಸೆದು, ಗಾಲಿಯ ಮೇಲೆ ಕಾಲಿಟ್ಟು ಒಂದೇ ಏಟಿಗೆ ಹತ್ತಿದಳು.